ಕಡಿಮೆ ಖರ್ಚಿನಲ್ಲಿ ಕಾರಿಗೆ ಏರ್ ಇಂಟೇಕ್: ಅಳತೆಯಿಂದ ಜೋಡಣೆವರೆಗೆ ಸಮಗ್ರ ಮಾರ್ಗದರ್ಶಿ

ಕಂಪನಿಯ ಫಿಲ್ಟರ್ ಪೆಟ್ಟಿಗೆ ತೆಗೆಸಿ, ತೆರೆದ ಕೋನ್ ಆಕಾರದ ಏರ್ ಫಿಲ್ಟರ್ ಹಾಕಿಸಿಕೊಂಡವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಸದ್ದು ಚೆನ್ನಾಗಿದೆ. ಆದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತು ಹೊರಟರೆ ಗಾಡಿ ಎಳೆಯುವುದೇ ಇಲ್ಲ. ಎಸಿ ಹಾಕಿದರೆ ಇನ್ನೂ ಕಷ್ಟ. ಮೈಲೇಜ್ ಇಳಿದಿದೆ, ಕೆಲವರಿಗೆ ಚೆಕ್ ಇಂಜಿನ್ ಲೈಟ್ ಕೂಡ ಬಂದಿದೆ. ಫಿಲ್ಟರೇ ಸರಿಯಿಲ್ಲ ಅಂತ ಇನ್ನೊಂದು ದುಬಾರಿ ಫಿಲ್ಟರ್ ತರುತ್ತಾರೆ. ಅದರಲ್ಲೂ ಅದೇ ಕಥೆ.

ತಪ್ಪು ಸಾಮಾನ್ಯವಾಗಿ ಫಿಲ್ಟರಿನಲ್ಲಿ ಇರುವುದಿಲ್ಲ, ಕೆಲಸದ ಕ್ರಮದಲ್ಲಿ ಇರುತ್ತದೆ. ಮೊದಲು ಕೊಳ್ಳುತ್ತಾರೆ, ಆಮೇಲೆ ಬಾನೆಟ್ ಕೆಳಗೆ ಜಾಗ ಹುಡುಕುತ್ತಾರೆ, ಅಳತೆ ಮಾಡುವುದು ಲೈಟ್ ಬಂದ ಮೇಲೆ. ಇಲ್ಲಿ ಅದನ್ನು ತಿರುಗಿಸಿದ್ದೇನೆ. ಮೊದಲು ಅಳತೆ, ಆಮೇಲೆ ಜಾಗ, ಆಮೇಲೆ ಪೈಪ್, ಕೊನೆಗೆ ಫಿಲ್ಟರ್. ಬರೆದಿರುವುದು ಮುಖ್ಯವಾಗಿ ಟರ್ಬೊ ಇಲ್ಲದ ಪೆಟ್ರೋಲ್ ಕಾರುಗಳಿಗೆ. ಟರ್ಬೊ ಮತ್ತು ಡೀಸೆಲ್‌ಗೆ ಎಲ್ಲಿ ಲೆಕ್ಕ ಬದಲಾಗುತ್ತದೋ ಅಲ್ಲಿ ಹೇಳಿದ್ದೇನೆ.

ಬೇಕಾದ ಸಾಮಾನು

8 ಮತ್ತು 10 ಮಿ.ಮೀ. ಸಾಕೆಟ್, ಎರಡೂ ಥರದ ಸ್ಕ್ರೂಡ್ರೈವರ್, ಒಂದು ವರ್ನಿಯರ್, ಟೇಪು, ಟಾರ್ಚ್, ಮಾರ್ಕರ್, ಹ್ಯಾಕ್ಸಾ ಬ್ಲೇಡ್, ಅರ, ನಯವಾದ ಉಪ್ಪುಕಾಗದ, ಬಿಳಿ ಹತ್ತಿ ಬಟ್ಟೆ. ಇದೆಲ್ಲ ಮನೆಯಲ್ಲೋ ಪಕ್ಕದ ಗ್ಯಾರೇಜಿನಲ್ಲೋ ಸಿಗುತ್ತದೆ. ತಪ್ಪಿಸಬಾರದ ಒಂದೇ ಖರೀದಿ ಎಂದರೆ ಬ್ಲೂಟೂತ್ ಓಬಿಡಿ ಡಾಂಗಲ್, ಅಂದರೆ ಕಾರಿನ ಸೆನ್ಸರ್ ಅಂಕಿಗಳನ್ನು ಮೊಬೈಲಿಗೆ ಕಳಿಸುವ ಸಣ್ಣ ಪ್ಲಗ್. ಎಸ್.ಪಿ. ರೋಡ್‌ನಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ, ಮೊಬೈಲಿನ ಯಾವುದಾದರೂ ಓಬಿಡಿ ಆ್ಯಪ್ ಜೊತೆ ಕೆಲಸ ಮಾಡುತ್ತದೆ. ಅದಿಲ್ಲದೆ ಈ ಕೆಲಸಕ್ಕೆ ಕೈಹಾಕುವುದು ಬೇಡ.

1. ಮೊದಲು ಈಗಿನ ಸ್ಥಿತಿ ಅಳೆಯಿರಿ

ಕಂಪನಿ ಕೊಟ್ಟ ಏರ್ ಬಾಕ್ಸ್ (ಫಿಲ್ಟರ್ ಕೂರುವ ಪೆಟ್ಟಿಗೆ) ಗಾಳಿಯನ್ನು ತಡೆಯುತ್ತಿದೆಯೇ? ಇದಕ್ಕೆ ಉತ್ತರ ಸಿಗದೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

ನಿಮ್ಮ ಗಾಡಿಯಲ್ಲಿ ಮ್ಯಾಪ್ ಸೆನ್ಸರ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದು) ಇದ್ದರೆ ಪರೀಕ್ಷೆ ಸುಲಭ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಆ್ಯಪ್‌ನಲ್ಲಿ ಮ್ಯಾನಿಫೋಲ್ಡ್ ಪ್ರೆಷರ್ ನೋಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 90ರಿಂದ 92 ಕಿಲೋಪ್ಯಾಸ್ಕಲ್ ಆಸುಪಾಸು ತೋರಿಸಬೇಕು. 101 ಎಂದು ಓದಿಕೊಂಡು ಬಂದವರು ಇಲ್ಲಿ ಗಾಬರಿಯಾಗುತ್ತಾರೆ. ಅದು ಮಂಗಳೂರಿನ ಲೆಕ್ಕ. ಊರಿನ ಎತ್ತರದಿಂದ ಹೋದ ಈ ಹತ್ತು ಪರ್ಸೆಂಟ್ ಗಾಳಿಯನ್ನು ಯಾವ ಫಿಲ್ಟರೂ ವಾಪಸ್ ತರುವುದಿಲ್ಲ.

ಈಗ ಜನ ಇಲ್ಲದ ಹೆದ್ದಾರಿಗೆ ಹೋಗಿ. ಪಕ್ಕದಲ್ಲಿ ಒಬ್ಬರು ಕೂತು ಮೊಬೈಲ್ ನೋಡಿಕೊಳ್ಳಲಿ, ಓಡಿಸುವವರು ನೋಡಬೇಡಿ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದು, ವೇಗದ ಮಿತಿಯೊಳಗೇ 5,000 ಆರ್‌ಪಿಎಂ ಹತ್ತಿರ ಬರುವವರೆಗಿನ ಅಂಕಿಗಳನ್ನು ಆ್ಯಪ್‌ನಲ್ಲಿ ರೆಕಾರ್ಡ್ ಮಾಡಿ. ಕೀ ಆನ್ ಮಾಡಿದಾಗ 91 ಇದ್ದದ್ದು ಇಲ್ಲಿ 88, 89 ಬಂದರೆ ನಿಮ್ಮ ಬಾಕ್ಸ್ ಚೆನ್ನಾಗಿಯೇ ಉಸಿರಾಡುತ್ತಿದೆ. ಅದನ್ನು ಕಿತ್ತು ಬೇರೆ ಹಾಕಿದರೆ ಸಿಗುವುದು ಸದ್ದು ಮಾತ್ರ. 84, 85ಕ್ಕೆ ಇಳಿದರೆ ಎಲ್ಲೋ ಗಾಳಿಗೆ ತಡೆ ಇದೆ. ಆಗಲೂ ಮೊದಲ ಅನುಮಾನ ಕೊಳೆಯಾದ ಪೇಪರ್ ಫಿಲ್ಟರ್ ಮೇಲಿರಲಿ. ಕೆಲವು ನೂರು ರೂಪಾಯಿಯ ಹೊಸ ಒರಿಜಿನಲ್ ಫಿಲ್ಟರ್ ಹಾಕಿ ಮತ್ತೆ ಅಳೆಯಿರಿ. ಎಷ್ಟೋ ಗಾಡಿಗಳ ಕಥೆ ಅಲ್ಲಿಗೇ ಮುಗಿಯುತ್ತದೆ.

ಟರ್ಬೊ ಗಾಡಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಮ್ಯಾಪ್ ತೋರಿಸುವುದು ಟರ್ಬೊ ತುಂಬಿದ ಒತ್ತಡವನ್ನು.

ಇದೇ ಹೊತ್ತಿಗೆ ಇನ್ನೂ ಎರಡು ಅಂಕಿ ಬರೆದಿಟ್ಟುಕೊಳ್ಳಿ. ಒಂದು, ಇಂಟೇಕ್ ಗಾಳಿಯ ಉಷ್ಣತೆ: ಹತ್ತು ನಿಮಿಷ ಓಡುತ್ತಿರುವಾಗ ಎಷ್ಟು, ಟ್ರಾಫಿಕ್‌ನಲ್ಲಿ ಐದು ನಿಮಿಷ ನಿಂತಾಗ ಎಷ್ಟು. ಎರಡು, ಫ್ಯೂಯಲ್ ಟ್ರಿಮ್, ಅಂದರೆ ಇಂಜಿನ್ನಿನ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಪೆಟ್ರೋಲ್ ಹೆಚ್ಚುಕಡಿಮೆ ಮಾಡುತ್ತಿದೆ ಎಂಬುದು: ಐಡಲ್‌ನಲ್ಲಿ (ಆಕ್ಸಿಲರೇಟರ್ ಮುಟ್ಟದೆ ನಿಂತಲ್ಲೇ ಓಡುವಾಗ) ಎಷ್ಟು, 2,500 ಆರ್‌ಪಿಎಂನಲ್ಲಿ ಎಷ್ಟು. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡನ್ನೂ ಕೂಡಿಸಿ ಬರೆಯಿರಿ. ಪ್ಲಸ್ ಅಥವಾ ಮೈನಸ್ 5 ಪರ್ಸೆಂಟ್ ಒಳಗಿದ್ದರೆ ಆರೋಗ್ಯ. ಈಗಲೇ ಪ್ಲಸ್ 10 ದಾಟಿದ್ದರೆ ಬೇರೆ ಕಾಯಿಲೆ ಇದೆ, ಅದನ್ನು ವಾಸಿ ಮಾಡದೆ ಇಂಟೇಕ್ ಮುಟ್ಟಬೇಡಿ.

2. ಬಾಕ್ಸ್ ಬಿಚ್ಚಿ, ಮೂರು ವಸ್ತು ಗುರುತಿಸಿ

ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತೆಗೆದು ಏರ್ ಬಾಕ್ಸ್ ಬಿಚ್ಚಿ. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ.

ಮೊದಲನೆಯದು ಗಾಳಿ ಒಳಬರುವ ಬಾಯಿ. ಈಚಿನ ಬಹುತೇಕ ಕಾರುಗಳಲ್ಲಿ ಅದು ಗ್ರಿಲ್ ಹಿಂದೆ ಅಥವಾ ಹೆಡ್‌ಲೈಟ್ ಪಕ್ಕದಲ್ಲಿ, ರೇಡಿಯೇಟರಿಗಿಂತ ಮುಂದೆ ಇರುತ್ತದೆ. ಎಂದರೆ "ಕೋಲ್ಡ್ ಏರ್" ಎನ್ನುವ ಹೊರಗಿನ ತಣ್ಣನೆ ಗಾಳಿ ಆಗಲೇ ಬರುತ್ತಿದೆ.

ಎರಡನೆಯದು ಸೆನ್ಸರ್. ಫಿಲ್ಟರ್ ಆದಮೇಲಿನ ಪೈಪಿನಲ್ಲಿ ವೈರ್ ಇರುವ ಸಣ್ಣ ಪ್ಲಾಸ್ಟಿಕ್ ತುಂಡು ಚುಚ್ಚಿದ್ದರೆ ಅದು ಹಾದುಹೋಗುವ ಗಾಳಿಯ ಪ್ರಮಾಣ ಅಳೆಯುವ ಮ್ಯಾಫ್ ಸೆನ್ಸರ್ ಇರಬಹುದು, ಅಥವಾ ಬರೀ ಉಷ್ಣತೆಯ ಸೆನ್ಸರ್. ಡೀಸೆಲ್ ಗಾಡಿಗಳಲ್ಲಿ ಮ್ಯಾಫ್ ಸಾಮಾನ್ಯ. ಗೊತ್ತಾಗದಿದ್ದರೆ ಓಬಿಡಿ ಆ್ಯಪ್ ಕೇಳಿ: ಗ್ರಾಂ ಪ್ರತಿ ಸೆಕೆಂಡ್ ಲೆಕ್ಕದಲ್ಲಿ ಗಾಳಿಯ ನೇರ ಓದು ಬರುತ್ತಿದ್ದರೆ ಮ್ಯಾಫ್ ಇದೆ. ಕೆಲವು ಆ್ಯಪ್ ಲೆಕ್ಕ ಹಾಕಿ ತೋರಿಸುತ್ತವೆ, ಹಾಗಾಗಿ ಸೆನ್ಸರ್ ಪಟ್ಟಿಯಲ್ಲಿ ಹೆಸರು ಇದೆಯೇ ಅಂತಲೂ ನೋಡಿ.

ಮೂರನೆಯದನ್ನು ಜನ ಮರೆಯುತ್ತಾರೆ. ಇಂಜಿನ್ ತಲೆಯಿಂದ ಬಂದು ಈ ಪೈಪಿಗೆ ಸೇರುವ ಬ್ರೀದರ್ ಹೋಸ್. ಇದಕ್ಕೆ ಹೊಸ ಪೈಪಿನಲ್ಲೂ ಜಾಗ ಬೇಕೇ ಬೇಕು. ಸುಮ್ನೆ ಬಿಟ್ಟರೆ ಆಯಿಲ್ ಆವಿ ಬಾನೆಟ್ ಒಳಗೆ ಹರಡುತ್ತದೆ, ಧೂಳು ನೇರ ಇಂಜಿನ್ನಿಗೆ ಹೋಗುತ್ತದೆ. ಬೋಲ್ಟ್ ತುರುಕಿ ಮುಚ್ಚಿದರೆ ಒಳಗೆ ಒತ್ತಡ ಹೆಚ್ಚಿ ಆಯಿಲ್ ಸೀಲ್ ಸೋರಲು ಶುರು.

3. ಯಾವ ದಾರಿ ಎಂದು ತೀರ್ಮಾನಿಸಿ

ದಾರಿ ಮೂರಿವೆ. ಖರ್ಚಿನ ಕ್ರಮದಲ್ಲೇ ಹೇಳುತ್ತೇನೆ.

ಕಂಪನಿ ಬಾಕ್ಸ್ ಹಾಗೇ ಇಟ್ಟು, ಫಿಲ್ಟರ್ ಬದಲಿಸಿ, ಬಾಯಿಯ ಡಕ್ಟ್ ಸರಿ ಮಾಡುವುದು ಮೊದಲನೆಯದು. ಎಷ್ಟೋ ಹಳೆ ಗಾಡಿಗಳಲ್ಲಿ ಬಂಪರ್ ರಿಪೇರಿ ಮಾಡಿದವರು ಆ ಡಕ್ಟನ್ನು ವಾಪಸ್ ಹಾಕಿಯೇ ಇರುವುದಿಲ್ಲ. ಬಾಕ್ಸ್ ಬಿಸಿಗಾಳಿ ಕುಡಿಯುತ್ತಿರುತ್ತದೆ. ಗುಜರಿಯಿಂದ ಡಕ್ಟ್ ತಂದು ಹಾಕುವುದೇ ಅಂಥ ಗಾಡಿಗೆ ಅತ್ಯುತ್ತಮ ಮಾಡಿಫಿಕೇಶನ್. ಹತ್ತರಲ್ಲಿ ಎಂಟು ಜನಕ್ಕೆ ನಾನು ಹೇಳುವುದು ಇದೇ ದಾರಿ.

ಎರಡನೆಯದು ನಿಮ್ಮ ಮಾಡೆಲ್‌ಗೇ ಅಂತ ಮಾಡಿದ ರೆಡಿ ಕಿಟ್. ಹೀಟ್ ಶೀಲ್ಡ್ (ಇಂಜಿನ್ ಬಿಸಿ ತಡೆಯುವ ಗೋಡೆ), ಬ್ರಾಕೆಟ್, ಬ್ರೀದರ್ ಜಾಗ, ಸೆನ್ಸರ್ ಜಾಗ ನಾಲ್ಕೂ ಇದ್ದರೆ ಮಾತ್ರ ಅದು ಕಿಟ್. "ಎಲ್ಲಾ ಕಾರಿಗೂ ಆಗುತ್ತದೆ" ಅಂತ ಮಾರುವ ಪೈಪ್ ಮತ್ತು ಕೋನ್ ಬರೀ ಬಿಡಿಭಾಗ.

ಮೂರನೆಯದು ನೀವೇ ಕಟ್ಟುವುದು. ಅಳತೆಯಲ್ಲಿ ತಡೆ ಕಂಡಿದ್ದರೆ, ಒಳ್ಳೆಯ ಜಾಗ ಇದ್ದರೆ ಮಾತ್ರ.

ಕಾನೂನಿನ ಮಾತೂ ಇಲ್ಲೇ ಬರಲಿ. ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ, ಅನುಮತಿ ಇಲ್ಲದ ಬದಲಾವಣೆ ಒಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಬಾಕ್ಸ್ ಒಳಗಿನ ಫಿಲ್ಟರ್ ಬದಲಿಸಿದರೆ ಈ ತಲೆನೋವು ಬರುವ ಸಂಭವ ಕಡಿಮೆ. ಸದ್ದು ಮಾಡುವ ಓಪನ್ ಇಂಟೇಕ್‌ಗೆ ಹಾಗೆ ಹೇಳಲಾಗದು. ವಾರಂಟಿ ಇನ್ನೂ ಇದ್ದರೆ ಮೊದಲ ದಾರಿ ಬಿಟ್ಟು ಬೇರೆ ಯೋಚಿಸಬೇಡಿ. ಇನ್ಶೂರೆನ್ಸ್ ಕಂಪನಿಗೂ ಬದಲಾವಣೆ ತಿಳಿಸಿರಬೇಕು, ಇಲ್ಲದಿದ್ದರೆ ಕ್ಲೇಮ್ ಸಮಯದಲ್ಲಿ ತಗಾದೆ.

4. ಜಾಗ: ಬಿಸಿ, ನೀರು, ಧೂಳು

ಕಟ್ಟುವವರು ಸೋಲುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಗಾಳಿಯ ಉಷ್ಣತೆ 10 ಡಿಗ್ರಿ ಏರಿದರೆ ಅದರ ಸಾಂದ್ರತೆ ಸುಮಾರು 3 ಪರ್ಸೆಂಟ್ ಇಳಿಯುತ್ತದೆ. ರೇಡಿಯೇಟರ್ ಹಿಂದೆ ತೆರೆದಿಟ್ಟ ಕೋನ್, ಫ್ಯಾನ್ ಉಗುಳುವ ಬಿಸಿಗಾಳಿಯನ್ನೇ ಕುಡಿಯುತ್ತದೆ. ಹೊರಗೆ 30 ಡಿಗ್ರಿ ಇದ್ದಾಗ, ನಿಂತ ಟ್ರಾಫಿಕ್‌ನಲ್ಲಿ ಇಂಟೇಕ್ 50 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಅಲ್ಲಿಗೆ ಸುಮಾರು 6 ಪರ್ಸೆಂಟ್ ಗಾಳಿ ಹೋಯಿತು. ಪೈಪು ಬದಲಿಸಿ ಉಳಿಸಿದ್ದು 1, 2 ಕಿಲೋಪ್ಯಾಸ್ಕಲ್, ಅಂದರೆ ಹೆಚ್ಚುಕಡಿಮೆ ಅಷ್ಟೇ ಪರ್ಸೆಂಟ್. ಲೆಕ್ಕ ನೀವೇ ಹಾಕಿ.

ಹಾಗಂತ ಫಿಲ್ಟರನ್ನು ಬಂಪರ್ ಒಳಗೆ ಕೆಳಗಿಳಿಸಿದರೆ ತಣ್ಣನೆ ಗಾಳಿ ಸಿಗುತ್ತದೆ ನಿಜ, ಜೊತೆಗೆ ನೀರೂ ಸಿಗುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಔಟರ್ ರಿಂಗ್ ರೋಡ್, ಸರ್ಜಾಪುರ ರಸ್ತೆ ಕಡೆ ಕಾರುಗಳು ಮುಳುಗಿದ್ದು ನೆನಪಿದೆ ಅಲ್ವಾ? ಅಷ್ಟು ದೊಡ್ಡ ಮಳೆ ಬೇಡ, ಜೋರಾಗಿ ಅರ್ಧ ಗಂಟೆ ಸುರಿದರೆ ಅಂಡರ್‌ಪಾಸ್‌ಗಳು ತುಂಬುವ ಊರು ಇದು. ಸಿಲಿಂಡರಿಗೆ ನೀರು ಎಳೆದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇಂಜಿನ್ ಪ್ರೊಟೆಕ್ಷನ್ ಕವರ್ ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ಹಣ ಬರುವುದು ಕಷ್ಟ. ಬೆಂಗಳೂರಿನಲ್ಲಿ ಓಡುವ ಗಾಡಿಗೆ ಬಂಪರ್ ಒಳಗಿನ ಇಂಟೇಕ್ ಬೇಡ. ಗಾಳಿಯ ಬಾಯಿ ಹೆಡ್‌ಲೈಟ್ ಮಟ್ಟಕ್ಕಿಂತ ಕೆಳಗೆ ಹೋಗದಿರಲಿ, ಕಂಪನಿ ಇಟ್ಟದ್ದಕ್ಕಿಂತಲೂ ಕೆಳಗೆ ಹೋಗದಿರಲಿ.

ಸರಿಯಾದ ಜಾಗ ಎಂದರೆ ಸಾಮಾನ್ಯವಾಗಿ ಹಳೆ ಬಾಕ್ಸ್ ಇದ್ದ ಜಾಗವೇ. ಅಲ್ಲಿ ಫಿಲ್ಟರ್ ಇಟ್ಟು, 1 ಅಥವಾ 1.5 ಮಿ.ಮೀ. ಅಲ್ಯೂಮಿನಿಯಂ ಶೀಟಿನ ಗೋಡೆಯಿಂದ ಇಂಜಿನ್ ಕಡೆ ಮುಚ್ಚಿ, ಹಳೆ ಡಕ್ಟನ್ನು ಆ ಕೋಣೆಗೇ ಬಿಡಿ. ಮೊದಲು ರಟ್ಟಿನಲ್ಲಿ ಅಚ್ಚು ಮಾಡಿ, ಬಾನೆಟ್ ಮುಚ್ಚಿ ನೋಡಿ. ಶೀಟಿನ ಮೇಲಂಚಿಗೆ ರಬ್ಬರ್ ಬೀಡಿಂಗ್ ಹಾಕಿದರೆ ಅದು ಬಾನೆಟ್ಟಿಗೆ ತಾಗಿ ಮೇಲಿನ ಸಂದು ಮುಚ್ಚುತ್ತದೆ. ಅರ್ಧ ಗೋಡೆ ಮಾಡಿ ಬಿಟ್ಟರೆ ಬಿಸಿಗಾಳಿ ಸುತ್ತಿ ಬರುತ್ತದೆ, ಶೀಟು ಬರೀ ಅಲಂಕಾರ.

ಧೂಳಿನ ಬಗ್ಗೆ ಮುಂದೆ ಫಿಲ್ಟರ್ ಮಾತಿನಲ್ಲಿ ಹೇಳುತ್ತೇನೆ. ಸದ್ಯಕ್ಕೆ ಇಷ್ಟು: ಮುಂದಿನ ಚಕ್ರದ ಹಿಂದೆ ತೆರೆದುಕೊಳ್ಳುವ ಜಾಗದಲ್ಲಿ ಬಾಯಿ ಇಡಬೇಡಿ.

5. ಪೈಪ್: ದಪ್ಪ ಇದ್ದಷ್ಟೂ ಒಳ್ಳೆಯದಲ್ಲ

1,197 ಸಿಸಿ ಇಂಜಿನ್ 6,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 3,600 ಲೀಟರ್ ಗಾಳಿ ಎಳೆಯಬಹುದು. ನಿಜವಾಗಿ ಎಳೆಯುವುದು 3,000ದ ಆಸುಪಾಸು. 60 ಮಿ.ಮೀ. ಒಳ ಅಳತೆಯ ಪೈಪಿನಲ್ಲಿ ಅದು ಸೆಕೆಂಡಿಗೆ ಸುಮಾರು 18 ಮೀಟರ್ ವೇಗದಲ್ಲಿ ಹೋಗುತ್ತದೆ. ಇದು ಧಾರಾಳ. ಅಂಗಡಿಯವರು ತೋರಿಸುವ 3 ಇಂಚಿನ ಪೈಪು ಈ ಇಂಜಿನ್ನಿಗೆ ಸುಮ್ನೆ ಜಾಸ್ತಿ. ಇಂಜಿನ್ನಿಗೆ ಗಾಳಿ ಬಿಡುವ ಕವಾಟ ಇರುವ ಥ್ರಾಟಲ್ ಬಾಡಿಯ ಹೊರ ಅಳತೆಯನ್ನು ವರ್ನಿಯರಿನಲ್ಲಿ ನೋಡಿ, ಅದರ ಸಮಕ್ಕೆ ಅಥವಾ ಒಂದು ಸೈಜ್ ಮೇಲೆ ತೆಗೆದುಕೊಳ್ಳಿ.

ಮ್ಯಾಫ್ ಇರುವ ಗಾಡಿಯಲ್ಲಂತೂ ದಪ್ಪ ಪೈಪು ಅಪಾಯ. ಸೆನ್ಸರ್ ಅಳೆಯುವುದು ತನ್ನ ಮುಂದೆ ಹಾದುಹೋದ ಗಾಳಿಯನ್ನು ಮಾತ್ರ, ಉಳಿದದ್ದನ್ನು ಇಸಿಯು (ಇಂಜಿನ್ನಿನ ಕಂಪ್ಯೂಟರ್) ಪೈಪಿನ ಸೈಜ್ ಇಟ್ಟು ಲೆಕ್ಕ ಹಾಕುತ್ತದೆ. ಪೈಪು ದೊಡ್ಡದಾದರೆ ಓದು ಕಡಿಮೆ ಬರುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ. ಅದಕ್ಕೇ ಕಂಪನಿಯ ಮ್ಯಾಫ್ ಕೊಳವೆಯನ್ನೇ ಇಟ್ಟುಕೊಳ್ಳಿ. ನಿಮ್ಮ ಬಾಕ್ಸ್ ಕತ್ತರಿಸಬೇಡಿ. ಶಿವಾಜಿನಗರದ ಗುಜರಿಯಲ್ಲಿ ಅದೇ ಮಾಡೆಲಿನ ಹಳೆ ಬಾಕ್ಸ್ ಸಿಕ್ಕರೆ ಅದರ ಕೊಳವೆ ಕತ್ತರಿಸಿ ಬಳಸಿ. ಸೆನ್ಸರ್ ಮೇಲಿನ ಬಾಣ ಇಂಜಿನ್ ಕಡೆಗಿರಲಿ. ಒಳಗಿನ ಜಾಲರಿ ತೆಗೆಯಬೇಡಿ, ಅದು ಗಾಳಿಯನ್ನು ನೇರ ಮಾಡಲು ಇದೆ. ಸೆನ್ಸರಿಗೆ ಮೊದಲು ಒಂದಷ್ಟು ಉದ್ದ ನೇರ ಪೈಪು ಇರಬೇಕು, ಬೆಂಡ್ ಆದ ತಕ್ಷಣ ಇಡಬೇಡಿ.

ಪೈಪಿಗೆ ಅಲ್ಯೂಮಿನಿಯಂ ಸುಲಭದ ಆಯ್ಕೆ. ರೆಡಿ ಬೆಂಡ್‌ಗಳು ಸಿಗುತ್ತವೆ, ತುಂಡುಗಳನ್ನು ಸಿಲಿಕಾನ್ ಹೋಸಿನಲ್ಲಿ ಕೂಡಿಸಬಹುದು. ಮನೆ ನಲ್ಲಿಗೆ ಹಾಕುವ ಪಿವಿಸಿ ಪೈಪನ್ನು ಅಚ್ಚು ನೋಡಲು ಮಾತ್ರ ಬಳಸಿ. 80 ಡಿಗ್ರಿ ಹತ್ತಿರ ಬಂದರೆ ಅದು ಮೆತ್ತಗಾಗುತ್ತದೆ. ಬಿಸಿ ಇಂಜಿನ್ ಆಫ್ ಮಾಡಿ ನಿಲ್ಲಿಸಿದಾಗ ಬಾನೆಟ್ ಒಳಗೆ ಅಷ್ಟು ಬಿಸಿ ಮುಟ್ಟಬಹುದು. ಸುರುಳಿ ತಂತಿಯ ಅಗ್ಗದ ಫ್ಲೆಕ್ಸಿಬಲ್ ಹೋಸನ್ನು ಫಿಲ್ಟರ್ ಆದಮೇಲೆ ಎಂದೂ ಹಾಕಬೇಡಿ. ಹರಿದರೆ ಚೂರು ಒಳಗೆ. ಟರ್ಬೊ ಗಾಡಿಯಲ್ಲಿ ಒಂದು ಸಣ್ಣ ಸ್ಕ್ರೂ ಸಾಕು ಕಂಪ್ರೆಸರ್ ರೆಕ್ಕೆ ಮುರಿಯಲು, ಆದ್ದರಿಂದ ಅಲ್ಲಿ ಪೈಪಿನೊಳಗೆ ಸ್ಕ್ರೂ, ರಿವೆಟ್ ಇರಲೇಬಾರದು.

6. ಫಿಲ್ಟರ್ ಆಯ್ಕೆ

ಮೂರು ಬಗೆ. ಪೇಪರ್, ಎಣ್ಣೆ ಹಚ್ಚಿದ ಹತ್ತಿ, ಎಣ್ಣೆ ಇಲ್ಲದ ಸಿಂಥೆಟಿಕ್.

ಮೆಟ್ರೊ ಕಾಮಗಾರಿ, ಅಗೆದ ರಸ್ತೆಗಳ ನಡುವೆ ದಿನಾ ಓಡುವವರಿಗೆ ಒರಿಜಿನಲ್ ಪೇಪರ್ ಫಿಲ್ಟರಿಗಿಂತ ಒಳ್ಳೆಯ ಕಾವಲುಗಾರ ಕಷ್ಟ. ಕೊಳೆಯಾದರೆ ಎಸೆದರಾಯಿತು. ತೊಳೆದು ಮತ್ತೆ ಬಳಸುವ ಕೆ ಅಂಡ್ ಎನ್, ಬಿಎಂಸಿ ಥರದ ಹತ್ತಿ ಫಿಲ್ಟರಿಗೆ ಕೆಲವು ಸಾವಿರ ಬೇಕು. ಗಾಳಿ ಸಲೀಸಾಗಿ ಬಿಡುತ್ತವೆ, ಆದರೆ ಎಣ್ಣೆ ಸರಿಯಾಗಿದ್ದರೆ ಮಾತ್ರ ಧೂಳು ಹಿಡಿಯುತ್ತವೆ. ಎಣ್ಣೆ ಜಾಸ್ತಿಯಾದರೆ ಮ್ಯಾಫ್ ತಂತಿಯ ಮೇಲೆ ಕೂತು ಓದು ಕೆಡಿಸುತ್ತದೆ. ಮ್ಯಾಫ್ ಇರುವ ಗಾಡಿಗೆ ಒಣ ಸಿಂಥೆಟಿಕ್ ನೆಮ್ಮದಿ.

ಜೆ.ಸಿ. ರೋಡ್‌ನಲ್ಲಿ ದೊಡ್ಡ ಬ್ರ್ಯಾಂಡಿನ ಹೆಸರಿನ ಡುಪ್ಲಿಕೇಟ್ ಎದುರಾಗಬಹುದು, ಅರ್ಧ ಬೆಲೆ ಹೇಳಿದರೆ ಬಿಲ್ ಕೇಳಿ. ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ. ಮಡಿಕೆಗಳ ನಡುವೆ ಸೂಜಿಮೊನೆಯಷ್ಟು ನೇರ ಬೆಳಕು ಕಂಡರೆ, ರಬ್ಬರ್ ಮತ್ತು ಜಾಲರಿ ನಡುವೆ ಅಂಟು ಬಿಟ್ಟಿದ್ದರೆ ವಾಪಸ್ ಕೊಡಿ. ಕೋನ್ ಆದರೆ ಜಾಗಕ್ಕೆ ಹಿಡಿಸುವಷ್ಟು ದೊಡ್ಡದು ತೆಗೆದುಕೊಳ್ಳಿ. ಚಿಕ್ಕ ಕೋನ್ ಬೇಗ ಕಟ್ಟಿಕೊಳ್ಳುತ್ತದೆ.

7. ಜೋಡಣೆ

ಕತ್ತರಿಸಿದ ಪೈಪಿನ ಅಂಚನ್ನು ಅರದಿಂದ ಉಜ್ಜಿ, ಒಳಗೆ ನೀರಿನಲ್ಲಿ ತೊಳೆದು, ಒಣಗಿಸಿ, ಬಿಳಿ ಬಟ್ಟೆ ಎಳೆದು ನೋಡಿ. ಬಟ್ಟೆಗೆ ಲೋಹದ ಪುಡಿ ಹತ್ತಿದರೆ ಮತ್ತೆ ತೊಳೆಯಿರಿ. ಥ್ರಾಟಲ್ ಬಾಯಿಗೆ ಕೆಲಸ ಮುಗಿಯುವವರೆಗೆ ಬಟ್ಟೆ ಮುಚ್ಚಿರಲಿ. ತೆಗೆಯಲು ಮರೆಯದಂತೆ ಅದರ ತುದಿ ಉದ್ದಕ್ಕೆ ಹೊರಗೆ ನೇತಾಡಲಿ.

ಥ್ರಾಟಲ್ ಕಡೆಯಿಂದ ಶುರು ಮಾಡಿ ಫಿಲ್ಟರ್ ಕಡೆ ಬನ್ನಿ. ಸಿಲಿಕಾನ್ ಹೋಸ್ ಎರಡೂ ಪೈಪಿನ ಮೇಲೆ ಕನಿಷ್ಠ 25 ಮಿ.ಮೀ. ಏರಿ ಕೂತಿರಲಿ. ಕ್ಲಿಪ್‌ಗಳನ್ನು ಮೊದಲು ಸಡಿಲವಾಗಿಟ್ಟು, ಎಲ್ಲ ಕೋನ ಸರಿಯಾದ ಮೇಲೆ ಬಿಗಿ ಮಾಡಿ. ಹೋಸು ಕ್ಲಿಪ್ಪಿನ ಸಂದಿಯಿಂದ ಉಬ್ಬಿ ಬಂದರೆ ಬಿಗಿ ಜಾಸ್ತಿಯಾಯಿತು. ಪ್ಲಾಸ್ಟಿಕ್ ಥ್ರಾಟಲ್ ಬಾಡಿಯ ಮೇಲೆ ಕೈ ಇನ್ನೂ ಹಗುರ.

ಪೈಪಿನ ಭಾರವನ್ನು ಕಾರಿನ ಬಾಡಿಯ ಮೇಲೆ ಕಚ್ಚಿದ ಬ್ರಾಕೆಟ್ ಹೊರಬೇಕು, ಥ್ರಾಟಲ್ ಅಲ್ಲ. ಇಂಜಿನ್ ತನ್ನ ಮೌಂಟಿನ ಮೇಲೆ ಅಲುಗಾಡುತ್ತದೆ, ಬಾಡಿ ಅಲುಗಾಡುವುದಿಲ್ಲ. ಆದ್ದರಿಂದ ಎರಡರ ನಡುವೆ ಒಂದು ಮೆತ್ತನೆ ಹೋಸು, ಬ್ರಾಕೆಟ್ಟಿಗೆ ರಬ್ಬರ್ ಬುಷ್ ಕಡ್ಡಾಯ. ಕೇಬಲ್ ಟೈ, ಎಂ-ಸೀಲ್, ಇನ್ಸುಲೇಷನ್ ಟೇಪ್ ಯಾವುದೂ ಇವುಗಳ ಬದಲಿಗೆ ಬರುವುದಿಲ್ಲ.

ಬ್ರೀದರ್ ಹೋಸನ್ನು ಫಿಲ್ಟರಿಗೂ ಥ್ರಾಟಲ್‌ಗೂ ನಡುವೆ, ಮ್ಯಾಫ್ ಇದ್ದರೆ ಮ್ಯಾಫ್ ಆದಮೇಲೆ ಸೇರಿಸಿ. ಮೊದಲ ದಾರಿ ಹಿಡಿದವರಿಗೆ ಒಂದೇ ಪರೀಕ್ಷೆ: ಬಾಕ್ಸಿನ ಅಂಚಿಗೆ ತೆಳ್ಳಗೆ ಗ್ರೀಸ್ ಹಚ್ಚಿ, ಹೊಸ ಫಿಲ್ಟರ್ ಇಟ್ಟು ಮುಚ್ಚಿ, ಮತ್ತೆ ತೆರೆಯಿರಿ. ಫಿಲ್ಟರ್ ರಬ್ಬರಿನ ಸುತ್ತ ಗ್ರೀಸಿನ ಗೆರೆ ಎಲ್ಲೂ ಕಡಿಯದೆ ಬಂದಿರಬೇಕು. ಕಡಿದ ಜಾಗದಿಂದ ಧೂಳು ನುಗ್ಗುತ್ತದೆ.

8. ಸ್ಟಾರ್ಟ್ ಮಾಡಿ, ಮತ್ತೆ ಅಳೆಯಿರಿ

ಬ್ಯಾಟರಿ ಹಾಕಿ, ಎಸಿ ಇಲ್ಲದೆ ಐದು ನಿಮಿಷ ಐಡಲ್ ಬಿಡಿ. ಮೊದಲ ನಿಮಿಷ ಸ್ವಲ್ಪ ಏರಿಳಿತ ಇರಬಹುದು, ಇಸಿಯು ಹೊಸದಾಗಿ ಕಲಿಯುತ್ತಿರುತ್ತದೆ.

ಸೋರಿಕೆ ನೋಡಲು ಫಿಲ್ಟರ್ ತೆಗೆದು, ಐಡಲ್‌ನಲ್ಲಿರುವಾಗ ಪೈಪಿನ ಬಾಯಿಗೆ ಒಂದು ಸಪಾಟಾದ ಮರದ ಹಲಗೆ ಒತ್ತಿ. ಇಂಜಿನ್ ಒದ್ದಾಡಿ ನಿಲ್ಲಬೇಕು. ಆರಾಮವಾಗಿ ಓಡುತ್ತಲೇ ಇದ್ದರೆ ಬೇರೆಲ್ಲಿಂದಲೋ ಗಾಳಿ ಬರುತ್ತಿದೆ. ಬಟ್ಟೆ, ಪ್ಲಾಸ್ಟಿಕ್ ಕವರ್ ಬಳಸಬೇಡಿ, ಒಳಗೆ ಎಳೆದುಕೊಳ್ಳುತ್ತದೆ. ಟರ್ಬೊ ಮತ್ತು ಡೀಸೆಲ್ ಗಾಡಿಗಳಲ್ಲಿ ಈ ಪರೀಕ್ಷೆ ಮಾಡಲೇಬೇಡಿ.

ಆಮೇಲೆ ಒಂದನೇ ಹಂತದ ಎಲ್ಲ ಅಂಕಿಗಳನ್ನು ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ತೆಗೆಯಿರಿ. ಮ್ಯಾಪ್ ಏರಿರಬೇಕು, ಉಷ್ಣತೆ ಏರಿರಬಾರದು. ಮ್ಯಾಪ್ 1 ಏರಿ, ಉಷ್ಣತೆ 12 ಏರಿದ್ದರೆ ಹೀಟ್ ಶೀಲ್ಡ್ ಕೆಲಸ ಬಾಕಿ ಇದೆ.

ಫ್ಯೂಯಲ್ ಟ್ರಿಮ್ ಓದುವುದು ಹೀಗೆ. ಐಡಲ್‌ನಲ್ಲಿ ಪ್ಲಸ್ ಜಾಸ್ತಿ, 2,500ರಲ್ಲಿ ಸರಿಹೋದರೆ ಎಲ್ಲೋ ಸೋರಿಕೆ ಇದೆ. ಥ್ರಾಟಲ್ ಆದಮೇಲಿನ ವ್ಯಾಕ್ಯೂಮ್ ಹೋಸುಗಳನ್ನು ಮೊದಲು ನೋಡಿ, ಕೆಲಸದ ನಡುವೆ ಯಾವುದೋ ಕಳಚಿರುತ್ತದೆ. ವೇಗ ಏರಿದಂತೆ ಪ್ಲಸ್ಸೂ ಏರಿದರೆ ಮ್ಯಾಫ್ ಕಡಿಮೆ ಓದುತ್ತಿದೆ: ಪೈಪಿನ ಸೈಜ್, ಸೆನ್ಸರಿನ ದಿಕ್ಕು, ಇಲ್ಲವೇ ಎಣ್ಣೆ.

9. ನಿಲ್ಲಿಸಿ ನೋಡಬೇಕಾದ ಚಿಹ್ನೆಗಳು

ಆ್ಯಪ್‌ನಲ್ಲಿ ಪಿ0171 ಎಂಬ ದೋಷದ ಕೋಡ್ ಬಂದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಪಿ0113 ಬಂದರೆ ಉಷ್ಣತೆಯ ಸೆನ್ಸರಿನ ಪ್ಲಗ್ ಹಾಕಿಲ್ಲ ಅಥವಾ ವೈರ್ ತುಂಡಾಗಿದೆ. ಪಿ0101, ಪಿ0102 ಮ್ಯಾಫ್‌ಗೆ ಸಂಬಂಧಿಸಿದವು. ಮ್ಯಾಫ್ ಕ್ಲೀನರ್ ಸ್ಪ್ರೇ ಬಿಟ್ಟು ಬೇರೇನೂ ಅದಕ್ಕೆ ಹೊಡೆಯಬೇಡಿ, ಕಾರ್ಬ್ ಕ್ಲೀನರ್ ಆ ತಂತಿಯನ್ನು ಕೆಡಿಸುತ್ತದೆ. ಕೋಡ್ ಅಳಿಸಿ ಸುಮ್ಮನಾಗುವುದು ಕೆಲಸವಲ್ಲ.

ಲೋಡ್ ಬಿದ್ದಾಗ ಇಂಜಿನ್ನಿನಿಂದ ಟಕಟಕ ನಾಕಿಂಗ್ ಕೇಳಿದರೆ ಅಂದೇ ಹಳೆ ಬಾಕ್ಸ್ ವಾಪಸ್ ಹಾಕಿ. ಸಿಳ್ಳೆ ಥರದ ಸದ್ದಿದ್ದರೆ ಕ್ಲಿಪ್ ನೋಡಿ.

ಎಲ್ಲಕ್ಕಿಂತ ಮೌನವಾಗಿ ಇಂಜಿನ್ ತಿನ್ನುವುದು ಧೂಳು. ಅದಕ್ಕೆ ಲೈಟ್ ಬರುವುದಿಲ್ಲ. 500 ಕಿಲೋಮೀಟರ್ ಆದಮೇಲೆ ಫಿಲ್ಟರ್ ತೆಗೆದು ಪೈಪಿನ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಸ್ವಲ್ಪ ಆಯಿಲ್ ಜಿಡ್ಡು ಬಂದರೆ ಪರವಾಗಿಲ್ಲ, ಅದು ಬ್ರೀದರಿನದು. ಕೆಂಪು ಮಣ್ಣಿನ ಬಣ್ಣ ಬಂದರೆ, ಬೆರಳಿಗೆ ಹರಳು ಹರಳಾಗಿ ತಾಗಿದರೆ, ಫಿಲ್ಟರ್ ಅಥವಾ ಸೀಲ್ ಸೋತಿದೆ. ಸರಿಹೋಗುವವರೆಗೆ ಓಡಿಸಬೇಡಿ.

10. ಆಮೇಲಿನ ಪಾಲನೆ

ಪೇಪರ್ ಫಿಲ್ಟರನ್ನು ಕಂಪನಿ ಹೇಳಿದ ಅವಧಿಗಿಂತ ಮೊದಲೇ ತೆಗೆದು ನೋಡುತ್ತಿರಿ. ಹತ್ತಿ ಫಿಲ್ಟರನ್ನು ಅದರದೇ ಕ್ಲೀನರಿನಲ್ಲಿ, ಒಳಗಿನಿಂದ ಹೊರಕ್ಕೆ ನೀರು ಬಿಟ್ಟು ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸಬೇಡಿ, ಹತ್ತಿ ಹರಿಯುತ್ತದೆ. ಎಣ್ಣೆ ಹಚ್ಚಿದ ಮೇಲೆ ಒಂದಷ್ಟು ಹೊತ್ತು ಇಳಿಯಲು ಬಿಟ್ಟು ಹಾಕಿ. ಮೊದಲ ತಿಂಗಳಲ್ಲಿ ಒಮ್ಮೆ ಎಲ್ಲ ಕ್ಲಿಪ್ ಮುಟ್ಟಿ ನೋಡಿ, ಹೊಸ ಸಿಲಿಕಾನ್ ಹೋಸು ಬಿಸಿಗೆ ಕೂತು ಸಡಿಲವಾಗಿರುತ್ತದೆ.

ಕಂಪನಿ ಬಾಕ್ಸ್, ಡಕ್ಟ್, ಬೋಲ್ಟುಗಳನ್ನು ಒಂದೇ ಕವರಿನಲ್ಲಿ ಕಟ್ಟಿ, ಮೇಲೆ ಗಾಡಿ ಹೆಸರು ಬರೆದು ಅಟ್ಟದ ಮೇಲಿಡಿ. ಎಮಿಷನ್ ಟೆಸ್ಟ್ ಫೇಲಾದಾಗ, ಗಾಡಿ ಮಾರುವಾಗ, ಮಳೆಗಾಲ ಜೋರಾದಾಗ ಅದು ಬೇಕಾಗುತ್ತದೆ.